ದೀಪ ಆರಿದರೆ ಮುಟ್ಟಬೇಡಿ

ನನ್ನ ಗೆಳತಿಯನ್ನು ಎಲ್ಲರೂ ಪುಕ್ಕಲಿ ಎಂದೇ ಕರೆಯುತ್ತಿದ್ದರು. ಶಾಲೆಯಲ್ಲಿ ಯಾರೋ ಇಟ್ಟ ಹೆಸರು. ಎಂಜಿನಿಯರಿಂಗ್ ಮುಗಿಸಿದ ಮೇಲೂ ಅದು ಅವಳನ್ನು ಬಿಡಲಿಲ್ಲ, ಸ್ವಂತ ವರ್ಕ್‌ಶಾಪ್ ತೆರೆದ ಮೇಲೂ ಬಿಡಲಿಲ್ಲ. ಅವಳಿಗೂ ಅದರಿಂದ ಬೇಸರವಿರಲಿಲ್ಲ. ಫೋನ್ ಎತ್ತಿದರೆ "ಪುಕ್ಕಲಿ ಮಾತಾಡ್ತಿರೋದು, ಹೇಳಿ" ಎನ್ನುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಹೃದಯ ನಿಂತಿತು. ಅವಳ ಬಗ್ಗೆ ಬರೆಯಲು ಹಲವು ಸಲ ಕೂತು ಎದ್ದಿದ್ದೇನೆ. ಈಗ ಬರೆಯಲೇಬೇಕಾಗಿದೆ. ಯಾಕೆಂಬುದು ಓದುತ್ತ ಹೋದಂತೆ ತಿಳಿಯುತ್ತದೆ.

ಅವಳಿಗೆ ಕರೆಂಟ್ ಎಂದರೆ ಭಯ. ಮನೆಯಲ್ಲಿ ಯಾರಾದರೂ ಶಾಕ್ ಹೊಡೆದು ಸತ್ತಿದ್ದರೇ ಎಂದು ಜನ ಕೇಳುತ್ತಿದ್ದರು. ಯಾರೂ ಸತ್ತಿರಲಿಲ್ಲ. ಸುಮ್ಮನೆ ಭಯ, ಕೆಲವರಿಗೆ ಹಾವು ಕಂಡರೆ ಇರುವಂಥದ್ದು. ಹಾವಿಗೆ ಹೆದರುವವರು ಹಾವಿನಿಂದ ದೂರ ಇರುತ್ತಾರೆ. ಇವಳು ಅದರ ಜೊತೆಯಲ್ಲೇ ಸಂಸಾರ ಹೂಡಿದಳು. ಫ್ರಿಜ್ಜಿನ ಬಾಗಿಲು, ನಲ್ಲಿ, ಕಬ್ಬಿಣದ ಗೇಟು, ಏನನ್ನೇ ಆಗಲಿ ಮೊದಲ ಸಲ ಕೈಯ ಹಿಂಬದಿಯಿಂದ ಮುಟ್ಟುತ್ತಿದ್ದಳು. "ಅಂಗೈಯಲ್ಲಿ ಹಿಡಿದ್ರೆ ಕರೆಂಟ್ ಬೆರಳು ಮಡಚಿಸಿಬಿಡುತ್ತೆ ಕಣೇ, ಬಿಡೋಕೆ ಆಗಲ್ಲ. ಹಿಂಬದಿ ಆದ್ರೆ ಕೈ ತಾನೇ ಕಿತ್ಕೊಳ್ಳುತ್ತೆ." ನನಗೆ ಜ್ವರ ಬಂದಾಗ ಹಣೆಯನ್ನೂ ಹಾಗೆಯೇ ಮುಟ್ಟಿ ನೋಡಿದಳು. "ನನ್ನಲ್ಲೂ ಕರೆಂಟ್ ಇದೆಯೇನೆ?" ಎಂದರೆ, "ನಿನ್ನ ನಂಬೋಕಾಗಲ್ಲಮ್ಮ" ಎಂದಳು.

ಅವಳ ವರ್ಕ್‌ಶಾಪ್ ಇದ್ದದ್ದು ಒಂದು ಟೈರ್ ಅಂಗಡಿಯ ಹಿಂದೆ. ತಗಡಿನ ಮಾಡು, ಉದ್ದನೆಯ ಮರದ ಬೆಂಚು, ಕಾಲ ಕೆಳಗೆ ದಪ್ಪ ರಬ್ಬರ್ ಹಾಸು, ಯಾವಾಗಲೂ ಬೆಸುಗೆಯ ಹೊಗೆಯ ವಾಸನೆ. ಅಲ್ಲಿ ಅವಳು ಮನೆ ಮತ್ತು ಸಣ್ಣ ಅಂಗಡಿಗಳಿಗೆಂದು ಲೀಕೇಜ್ ಬ್ರೇಕರ್‌ಗಳನ್ನು ತಯಾರಿಸುತ್ತಿದ್ದಳು. ಮಾರುವ ಕೆಲಸ ಅವಳ ಅಣ್ಣನದು. ಆ ಪೆಟ್ಟಿಗೆಯ ಕೆಲಸವನ್ನು ಅವಳು ನನಗೆ ವಿವರಿಸಿದ್ದು ಹೀಗೆ: ಒಂದು ತಂತಿಯಲ್ಲಿ ಹೋದ ಕರೆಂಟ್ ಇನ್ನೊಂದು ತಂತಿಯಲ್ಲಿ ಪೂರ್ತಿ ವಾಪಸ್ ಬರಬೇಕು. ಸ್ವಲ್ಪ ಕಡಿಮೆ ಬಂತೆಂದರೆ ಎಲ್ಲೋ ಸೋರಿದೆ ಎಂದರ್ಥ, ಬಹುಶಃ ಯಾರದೋ ಮೈ ಹಾದು ನೆಲಕ್ಕೆ. ಆಗ ಕಣ್ಣು ಮಿಟುಕಿಸುವಷ್ಟರಲ್ಲಿ ಪೆಟ್ಟಿಗೆಯ ಹಿಡಿಕೆ ಠಕ್ಕೆಂದು ಕೆಳಗೆ ಬೀಳಬೇಕು, ಕರೆಂಟ್ ನಿಲ್ಲಬೇಕು.

ಇಂಥ ಪೆಟ್ಟಿಗೆಗಳನ್ನು ಬೇರೆಯವರೂ ಮಾಡುತ್ತಾರೆ. ಅವಳು ಬೇರೆಯವರಿಗಿಂತ ಬೇರೆಯಾಗಿದ್ದದ್ದು ಒಂದು ವಿಷಯದಲ್ಲಿ. ಪೆಟ್ಟಿಗೆ ಹಾಕಿದ ಮೇಲೆ ಆ ಮನೆಗೋ ಅಂಗಡಿಗೋ ಹೋಗಿ ಒಂದಿಡೀ ಬೆಳಗ್ಗೆ ಸುಮ್ಮನೆ ಕೂತಿರುತ್ತಿದ್ದಳು. ಅವರು ಕೆಲಸ ಮಾಡುವುದನ್ನು ನೋಡುತ್ತಿದ್ದಳು. ಕಾರು ಓಡಿಸಲೂ ಅವಳಿಗೆ ಹೆದರಿಕೆ. ನಾನು ಶಾಲೆಯ ಟೀಚರು, ರಜೆಯಿದ್ದಾಗಲೆಲ್ಲ ನಾನೇ ಡ್ರೈವರು. ಹಾಗಾಗಿ ಎಷ್ಟೋ ಜನರ ಅಡುಗೆಮನೆಯಲ್ಲಿ, ಅಂಗಡಿಯಲ್ಲಿ ನಾನೂ ಅವಳ ಪಕ್ಕ ಕೂತು ಕಾಫಿ ಕುಡಿದಿದ್ದೇನೆ. ಒಬ್ಬ ದರ್ಜಿ, ಹಿಡಿಕೆ ಪದೇ ಪದೇ ಬೀಳುತ್ತದೆಂದು ಅದನ್ನು ದಾರದಿಂದ ಮೇಲಕ್ಕೆ ಕಟ್ಟಿಹಾಕಿದ್ದ. ನಾನಾಗಿದ್ದರೆ ಅವನಿಗೆ ಪಾಠ ಹೇಳುತ್ತಿದ್ದೆ. ಅವಳು ದಾರದ ಗಂಟನ್ನೇ ಬಹಳ ಹೊತ್ತು ನೋಡಿದಳು. ವಾಪಸ್ ಬರುವಾಗ ಹೇಳಿದಳು: "ಅವರದ್ದೇನೂ ತಪ್ಪಿಲ್ಲ. ಇಸ್ತ್ರಿಪೆಟ್ಟಿಗೆ ಹಾಕಿದಾಗಲೆಲ್ಲ ಬಿದ್ರೆ ಯಾರಿಗೆ ತಾಳ್ಮೆ ಇರುತ್ತೆ? ಸುಮ್ ಸುಮ್ನೆ ಬೀಳದ ಹಾಗೆ ಮಾಡೋದು ನನ್ನ ಕೆಲಸ." ಮಾಡಿದಳು ಕೂಡ. ಯಂತ್ರ ಶುರುವಾಗುವಾಗಿನ ಸಣ್ಣ ಸೋರಿಕೆಗೂ ಮನುಷ್ಯನ ಮೈಯಿಂದಾಗುವ ಸೋರಿಕೆಗೂ ಇರುವ ವ್ಯತ್ಯಾಸ ಗುರುತಿಸುವಂತೆ ಪೆಟ್ಟಿಗೆಯನ್ನು ತಿದ್ದಿದಳು. ದರ್ಜಿ ದಾರ ಬಿಚ್ಚಿದ.

ಹೀಗೆ ಕೂತು ನೋಡುವ ಅಭ್ಯಾಸವೇ ನಮ್ಮನ್ನು ಆ ಲಾಂಡ್ರಿಗೆ ಕರೆದೊಯ್ದದ್ದು.

ಅತ್ತೆ ಸೊಸೆ ಇಬ್ಬರೇ ನಡೆಸುವ ಲಾಂಡ್ರಿ. ಒಂದು ಹಳೆಯ ಕಟ್ಟಡದ ನೆಲಮಹಡಿ, ಗೋಡೆಯುದ್ದಕ್ಕೂ ದೊಡ್ಡ ಯಂತ್ರಗಳು, ಸದಾ ಒದ್ದೆ ನೆಲ. ಅತ್ತೆ ಸಿಮೆಂಟಿನ ಮೇಲೆ ಬರಿಗಾಲಲ್ಲೇ ಓಡಾಡುತ್ತಿದ್ದರು. ಅದನ್ನು ನೋಡಿಯೇ ಪುಕ್ಕಲಿಯ ಮುಖ ಬಿಳಿಚಿಕೊಂಡಿತು. ಯಂತ್ರಗಳ ಸದ್ದಿನಲ್ಲಿ ವರ್ಷಗಟ್ಟಲೆ ಕಳೆದು ಅತ್ತೆಯ ಕಿವಿ ಬಹುಮಟ್ಟಿಗೆ ಹೋಗಿತ್ತು.

"ಪೆಟ್ಟಿಗೆ ಚೆನ್ನಾಗೈತೆ ಮಗಳೇ," ಎಂದರು ಆಕೆ, ತಮಗೆ ಕೇಳದ್ದರಿಂದ ಎಲ್ಲರಿಗೂ ಕೇಳುವಂತೆ. "ಆದ್ರೆ ಅದು ಠಕ್ ಅಂದ್ರೆ ನನಗೆಲ್ಲಿ ಕೇಳುತ್ತೆ? ಸೊಸೆ ಕೂಗೋದು ಕೇಳಿಸ್ದೇ ಇರೋದು ದೇವರು ಕೊಟ್ಟ ವರ. ಇದು ಮಾತ್ರ ಗೊತ್ತಾಗ್ಬೇಕಲ್ಲ. ಕಣ್ಣಿಗೆ ಕಾಣೋ ಹಂಗೆ ಏನಾದ್ರೂ ಮಾಡಿಕೊಡು."

"ನೀವು ಕೂಗೋದು ನನಗೆ ಕೇಳಿಸುತ್ತಲ್ಲ ಅತ್ತೆ, ನನಗ್ಯಾವ ವರವೂ ಇಲ್ಲ," ಎಂದಳು ಸೊಸೆ ಬಟ್ಟೆ ಮಡಚುತ್ತ, ನಮಗೆ ಮಾತ್ರ ಕೇಳುವಂತೆ.

ಪುಕ್ಕಲಿ ಪೆಟ್ಟಿಗೆಗೆ ಒಂದು ಹಸಿರು ದೀಪ ಕೂರಿಸಿಕೊಟ್ಟಳು. ದೂರದಿಂದಲೇ ಕಾಣುವಷ್ಟು ದೊಡ್ಡದು. ಕರೆಂಟ್ ಇದ್ದರೆ ಉರಿಯುತ್ತದೆ, ಹಿಡಿಕೆ ಬಿದ್ದರೆ ಆರುತ್ತದೆ. ಅದನ್ನು ತೋರಿಸುವಾಗ ಆಕೆಯ ಕಿವಿಯ ಹತ್ತಿರ ಬಾಗಿ ಹೇಳಿದಳು: "ದೀಪ ಆರಿದ್ರೆ ಹೆದರ್ಬೇಡಿ ಅಮ್ಮ. ಕರೆಂಟ್ ನಿಂತಿದೆ ಅಂತಲೇ ಅರ್ಥ." ಹೆದರಬೇಡಿ ಎಂಬ ಮಾತನ್ನು ಅವಳು ಯಾರಿಗಾದರೂ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ದೀಪ ಜನಕ್ಕೆ ಹಿಡಿಸಿತು. ಎಲ್ಲರೂ ದೀಪದ ಪೆಟ್ಟಿಗೆಯನ್ನೇ ಕೇಳತೊಡಗಿದರು. ಅವಳ ಅಣ್ಣನಿಗೆ ಕೈತುಂಬ ಕೆಲಸ. "ಇಷ್ಟು ವರ್ಷ ಜನರನ್ನ ಹೆದರಿಸಿ ಹೆದರಿಸಿ ಮಾರ್ತಿದ್ವಿ. ಈಗ ನೋಡು, ಧೈರ್ಯ ಮಾರ್ತಿದೀವಿ," ಎಂದು ಅವನು ಬೀಗುತ್ತಿದ್ದ. ಅವಳೂ ಆ ದಿನಗಳಲ್ಲಿ ತುಸು ಹಗುರಾಗಿದ್ದಳು. ನಲ್ಲಿಯನ್ನು ಅಂಗೈಯಲ್ಲಿ ತಿರುಗಿಸಿದ್ದನ್ನು ಒಂದೆರಡು ಸಲ ನೋಡಿದ ನೆನಪು.

ಒಂದು ಮಧ್ಯಾಹ್ನ ನಾನು ವರ್ಕ್‌ಶಾಪಿನಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಾಗ ಲಾಂಡ್ರಿಯ ಸೊಸೆಯ ಫೋನ್ ಬಂತು. ಪುಕ್ಕಲಿಯ ಎರಡೂ ಕೈಯಲ್ಲಿ ಕೆಲಸವಿತ್ತು, ಸ್ಪೀಕರ್ ಹಾಕಿ ಬೆಂಚಿನ ಮೇಲಿಟ್ಟಳು.

"ಅಕ್ಕಾ, ದೀಪ ಆರಿದೆ. ಮಿಷಿನ್ನೂ ನಿಂತಿದೆ. ಅವಸರ ಏನಿಲ್ಲ, ಬಿಡುವಾದಾಗ ಬನ್ನಿ."

"ಪಕ್ಕದ ಅಂಗಡೀಲಿ ಕರೆಂಟ್ ಇದೆಯಾ?"

"ಇದೆ, ಅವರ ಫ್ಯಾನ್ ತಿರುಗ್ತಿದೆ."

"ಹಾಗಾದ್ರೆ ಹಿಡಿಕೆ ಬಿದ್ದಿರುತ್ತೆ. ಮೇಲೆತ್ತಿ ನೋಡು."

"ಇಲ್ಲ ಅಕ್ಕಾ, ಹಿಡಿಕೆ ಮೇಲೇ ಇದೆ."

ಪುಕ್ಕಲಿಯ ಕೈ ನಿಂತಿತು. ಬೆಸುಗೆಯ ಕಡ್ಡಿಯಿಂದ ಹೊಗೆ ಏಳುತ್ತಲೇ ಇತ್ತು. ಅವಳು ನನ್ನನ್ನೇ ನೋಡುತ್ತಿದ್ದಳು, ಆದರೆ ನಾನು ಅವಳಿಗೆ ಕಾಣುತ್ತಿರಲಿಲ್ಲ.

"ಅತ್ತೆ ಎಲ್ಲಿ?"

"ಮಿಷಿನ್ ಹಿಂದೆ ಇದಾರೆ. ಹೇಗೂ ಕರೆಂಟ್ ಇಲ್ವಲ್ಲ, ಬೆಲ್ಟ್ ನೋಡಿಬಿಡ್ತೀನಿ ಅಂತ ಮುಚ್ಚಳ ಬಿಚ್ತಿದಾರೆ."

"ನಿಲ್ಸು! ಕರೆಂಟ್ ಇದೆ! ಕೂಗು ಅವರನ್ನ!"

"ಕೂಗಿದ್ರೆ ಅವರಿಗೆಲ್ಲಿ ಕೇಳುತ್ತೆ ಅಕ್ಕಾ? ಇರಿ, ಹೋಗಿ ಕೈ ಹಿಡಿದು ಎಳೀತೀನಿ."

"ಬೇಡ! ಮುಟ್ಬೇಡ! ಅವರಿಗೆ ಆಗಲೇ ಹೊಡೆದಿದ್ರೆ ನಿನಗೂ ಹೊಡೆಯುತ್ತೆ. ಹಿಡಿಕೆ ಕೆಳಗೆ ಎಳಿ! ಇಲ್ಲಾಂದ್ರೆ ದೊಡ್ಡ ಸ್ವಿಚ್ ಎಲ್ಲಿದೆ?"

"ಹಿಡಿಕೆ ಅತ್ತೆಯ ಆಚೆ ಗೋಡೇಲಿ, ಅವರನ್ನ ದಾಟಿ ಹೋಗ್ಬೇಕು. ದೊಡ್ಡ ಸ್ವಿಚ್ ಮೀಟರ್ ರೂಮಲ್ಲಿ. ಬೀಗ ಹಾಕಿದೆ, ಕೀ ಓನರ್ ಹತ್ರ. ಅಕ್ಕಾ, ಕೈ ಒಳಗೆ ಹಾಕ್ತಿದಾರೆ—"

"ಏನಾದ್ರೂ ಎಸಿ ಅವರ ಮೇಲೆ! ಒಣಗಿದ್ದು, ಏನಾದ್ರೂ! ಎಸಿ!"

ಏನೋ ಅಪ್ಪಳಿಸಿದ ಸದ್ದು. ಆಮೇಲೆ ಫೋನ್ ಸತ್ತಿತು.

ಮತ್ತೆ ಮಾಡಿದರೆ ಹೋಗಲಿಲ್ಲ. ಇನ್ನೊಮ್ಮೆ ಮಾಡಿದರೂ ಹೋಗಲಿಲ್ಲ. ನಾವು ಕಾರಿಗೆ ಓಡಿದೆವು. ದಾರಿಯುದ್ದಕ್ಕೂ ಅವಳು ಆ ನಂಬರನ್ನು ಒತ್ತುತ್ತಲೇ ಇದ್ದಳು. ಸಿಗ್ನಲ್‌ನಲ್ಲಿ ನಿಂತಾಗ ಒಂದೇ ಸಮನೆ ಮಾತಾಡತೊಡಗಿದಳು, ನನಗೆ ಹೇಳುತ್ತಿದ್ದಳೋ ತನಗೇ ಹೇಳಿಕೊಳ್ಳುತ್ತಿದ್ದಳೋ ತಿಳಿಯಲಿಲ್ಲ. "ವಾಪಸ್ ಬರೋ ತಂತಿ ಕಿತ್ತಿದೆ. ಹೋಗೋ ತಂತೀಲಿ ಕರೆಂಟ್ ಹಾಗೇ ಇದೆ. ದೀಪ ಉರಿಯೋಕೆ ಎರಡೂ ತಂತಿ ಬೇಕು. ಮಿಷಿನ್ ತಿರುಗೋಕೂ ಎರಡು ಬೇಕು. ಹಿಡಿಕೆ ಬೀಳಿಸೋಕೂ ಎರಡು ಬೇಕು ಕಣೇ. ಎಲ್ಲಾ ನಿಂತ ಹಾಗೆ ಕಾಣುತ್ತೆ. ಮನುಷ್ಯರನ್ನ ಕೊಲ್ಲೋಕೆ ಮಾತ್ರ ಒಂದು ತಂತಿ ಸಾಕು."

ಸಿಗ್ನಲ್ ಬಿಟ್ಟಿತು. ನಾನು ಹಾರ್ನ್ ಒತ್ತುತ್ತಲೇ ಕಾರು ಮುಂದೆ ಬಿಟ್ಟೆ.

"ಬೆಂಚಿನ ಮೇಲೆ ಎಷ್ಟು ಸಲ ಪರೀಕ್ಷೆ ಮಾಡಿದೀನಿ. ಒಂದು ಸಲವೂ ಆ ತಂತಿ ಕಿತ್ತು ನೋಡ್ಲಿಲ್ಲ. ದೀಪ ಆರಿದ್ರೆ ಹೆದರ್ಬೇಡಿ ಅಂದೆ. ನಾನೇ ಅಂದೆ."

ಲಾಂಡ್ರಿಯ ಮುಂದೆ ನಾಲ್ಕಾರು ಜನ ನಿಂತಿದ್ದರು. ಪುಕ್ಕಲಿ ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದು ಇಳಿದಳು, ಆಮೇಲೆ ಫುಟ್‌ಪಾತಿನಲ್ಲೇ ನಿಂತುಬಿಟ್ಟಳು. ಒಳಗೆ ಹೋಗಲು ಅವಳಿಂದಾಗಲಿಲ್ಲ. ನಾನೇ ಜನರನ್ನು ಸರಿಸಿ ಒಳಗೆ ಹೋದೆ.

ಅತ್ತೆ ಸ್ಟೂಲಿನ ಮೇಲೆ ಕೂತಿದ್ದರು. ತಲೆಯ ಹಿಂದೆ ಒದ್ದೆ ಬಟ್ಟೆ ಒತ್ತಿ ಹಿಡಿದಿದ್ದರು. ನನ್ನನ್ನು ಕಂಡವರೇ ಗುಡುಗಿದರು: "ಬಂದ್ರಾ? ಏನು ಹೇಳಿಕೊಟ್ರಿ ನನ್ನ ಸೊಸೆಗೆ? ಫೋನ್ ತಗೊಂಡು ನನ್ನ ತಲೆಗೆ ಹೊಡೆದವ್ಳೆ! ಇಷ್ಟು ವರ್ಷ ಮನಸ್ಸಲ್ಲೇ ಇಟ್ಕೊಂಡಿದ್ಲು ಅಂತ ಕಾಣುತ್ತೆ!" ಸೊಸೆ ಗೋಡೆಗೊರಗಿ ನೆಲದ ಮೇಲೆ ಕೂತು ಅಳುತ್ತಲೂ ನಗುತ್ತಲೂ ಇದ್ದಳು. ಕೈಯಲ್ಲಿ ಏನಿದೆಯೆಂದು ನೋಡದೆ ಎಸೆದಿದ್ದಳು. ಫೋನ್ ಎರಡು ಹೋಳಾಗಿತ್ತು.

ಪುಕ್ಕಲಿ ಆಮೇಲೆ ಬಂದಳು. ರಬ್ಬರ್ ಚಪ್ಪಲಿ ಮೆಟ್ಟಿ ಯಂತ್ರದ ಹಿಂದೆ ಕೂತು, ತೆರೆದ ಮುಚ್ಚಳದೊಳಗೆ ಟೆಸ್ಟರ್ ಇಟ್ಟಳು. ಅದರ ಪುಟ್ಟ ಬಲ್ಬು ಹೊತ್ತಿಕೊಂಡಿತು. ಬೆಲ್ಟಿನ ಪಕ್ಕದಲ್ಲೇ, ಕೈ ಹಾಕಿದರೆ ಮೊದಲು ತಗಲುವಲ್ಲೇ. ಅತ್ತೆಯ ಬೈಗುಳ ನಿಂತಿತು. ಆಕೆ ಆ ಬಲ್ಬನ್ನು ನೋಡಿದರು, ಗೋಡೆಯ ಮೇಲೆ ಆರಿದ್ದ ದೀಪವನ್ನು ನೋಡಿದರು.

"ಹಂಗಾದ್ರೆ ನಿನ್ನ ದೀಪ ನನಗೆ ಸುಳ್ಳು ಹೇಳ್ತಾ, ಮಗಳೇ?"

ಪುಕ್ಕಲಿ ಹೂಂ ಎಂದಳು.

ಅಂದಿನಿಂದ ಅವಳಿಗೆ ನಿದ್ದೆಯೆಂಬುದು ಸರಿಯಾಗಿ ಬರಲಿಲ್ಲ. ಭಯ ಅವಳಿಗೆ ಹೊಸದಲ್ಲ, ಆದರೆ ಇದು ಬೇರೆಯೇ ಭಯ. ಮೊದಲೆಲ್ಲ ಅವಳು ಕರೆಂಟಿಗೆ ಹೆದರುತ್ತಿದ್ದಳು. ಈಗ ತಾನು ಮಾಡಿ ಊರ ತುಂಬ ಹಂಚಿದ್ದಕ್ಕೆ ಹೆದರುತ್ತಿದ್ದಳು. ಯಾವುದೋ ಸ್ನಾನದ ಮನೆಯಲ್ಲಿ, ಯಾವುದೋ ಹಿಟ್ಟಿನ ಗಿರಣಿಯಲ್ಲಿ ಒಂದು ತಿರುಪು ಸಡಿಲಾಗುತ್ತಿರಬಹುದು, ದೀಪ ಆರುತ್ತದೆ, ಯಾರೋ ಒಬ್ಬರು, ಅವಳ ಮಾತನ್ನು ನಂಬಿ, ಧೈರ್ಯವಾಗಿ ಕೈ ಚಾಚುತ್ತಾರೆ. ಫೋನ್ ರಿಂಗಾದರೆ ಬೆಚ್ಚುತ್ತಿದ್ದಳು. ಆಂಬುಲೆನ್ಸ್ ಹೋದರೆ ಅದು ಯಾವ ಕಡೆ ತಿರುಗಿತೆಂದು ಕಿಟಕಿಯಿಂದ ನೋಡುತ್ತಿದ್ದಳು.

ಎಲ್ಲ ಪೆಟ್ಟಿಗೆಗಳನ್ನೂ ವಾಪಸ್ ತರಬೇಕೆಂದಳು. ಅಣ್ಣ ಒಪ್ಪಲಿಲ್ಲ.

"ಯಾರಿಗೂ ಏನೂ ಆಗಿಲ್ವಲ್ಲೇ. ಒಂದು ಚೀಟಿ ಅಂಟಿಸಿದ್ರೆ ಸಾಕು, ದೀಪ ಆರಿದ್ರೂ ಮುಟ್ಬೇಡಿ ಅಂತ."

"ದೀಪ ಇಟ್ಟಿದ್ದೇ ಮುಟ್ಬಹುದು ಅಂತ ಹೇಳೋಕೆ. ಈಗ ಮುಟ್ಬೇಡಿ ಅಂತ ಚೀಟಿ ಅಂಟಿಸ್ತೀಯಾ? ಜನ ಯಾವುದನ್ನ ನಂಬ್ತಾರೆ, ದೀಪನಾ ಚೀಟಿನಾ?"

"ನಮ್ಮದೇ ಮಾಲು ಕೆಟ್ಟದ್ದು ಅಂತ ಮನೆ ಮನೆಗೆ ಹೋಗಿ ಡಂಗುರ ಹೊಡೆದ್ರೆ ನಾಳೆ ಯಾರು ನಮ್ಮ ಹತ್ರ ಬರ್ತಾರೆ?"

"ಬರದಿದ್ರೆ ಬೇಡ ಅಣ್ಣ. ಬದುಕಿರ್ಲಿ ಅವರು."

ಅವನು ಎದ್ದು ಹೋದ. ನಾವಿಬ್ಬರೇ ಹೊರಟೆವು.

ಮೊದಲು ಅವಳು ಪೆಟ್ಟಿಗೆಯನ್ನು ತಿದ್ದಿದಳು. ಹೊಸದರಲ್ಲಿ ಹಿಡಿಕೆಯನ್ನು ಮೇಲೆ ಎತ್ತಿ ಹಿಡಿದಿಡುವುದೇ ಕರೆಂಟು. ಎರಡು ತಂತಿಗಳಲ್ಲಿ ಯಾವುದು ಕಿತ್ತರೂ ಹಿಡಿತ ತಪ್ಪಿ ಹಿಡಿಕೆ ತಾನಾಗಿ ಕೆಳಗೆ ಬೀಳುತ್ತದೆ. ಲಾಂಡ್ರಿಯ ಅತ್ತೆಗಾಗಿ ಆ ಹಿಡಿಕೆಗೆ ಅಂಗೈಯಗಲದ ಕೆಂಪು ತಗಡು ಜೋಡಿಸಿದಳು, ಬಿದ್ದರೆ ಬಾಗಿಲಿನಿಂದಲೇ ಕಾಣುವಂತೆ. ಈ ಸಲ ಬೆಂಚಿನ ಮೇಲೆ ಒಂದೊಂದೇ ತಂತಿ ಕಿತ್ತು ನೋಡಿದಳು. ನನ್ನ ಕೈಯಲ್ಲಿ ಕೀಳಿಸಿದಳು, ಟೈರ್ ಅಂಗಡಿಯವನನ್ನು ಕರೆದು ಅವನ ಕೈಯಲ್ಲೂ ಕೀಳಿಸಿದಳು. "ನಿಮಗೆ ಮನಸ್ಸು ಬಂದ ಹಾಗೆ ಕೆಡಿಸಿ" ಎಂದು ಬೇಡಿಕೊಂಡಳು.

ಮನೆ ಮನೆಗೂ ಹೋಗಿ ಹಳೆಯದನ್ನು ಬಿಚ್ಚಿ ಹೊಸದು ಹಾಕುವುದು ಸುಲಭವಾಗಿರಲಿಲ್ಲ. ಜನಕ್ಕೆ ದೀಪದ ಮೇಲೆ ಪ್ರೀತಿ. "ನಮ್ಮನೇದು ಚೆನ್ನಾಗೇ ಇದೆಯಲ್ಲ ಮೇಡಂ, ಯಾಕೆ ಬಿಚ್ತೀರಾ?" ಎಂದು ಒಬ್ಬರು ಬಾಗಿಲಿಗೆ ಅಡ್ಡ ನಿಂತರು. ಇನ್ನೊಬ್ಬರು, "ಹೊಸ ಮಾಡೆಲ್ ದಾಟಿಸೋಕೆ ಒಳ್ಳೇ ಉಪಾಯ!" ಎಂದು ನಕ್ಕರು. ಅವಳು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು: "ನಾನು ಮಾಡಿದ್ದು ತಪ್ಪಾಗಿದೆ. ಇದರಿಂದ ನೀವು ಸಾಯಬಹುದು." ಬಾಗಿಲಲ್ಲಿ ನಿಂತು ಯಾರಾದರೂ ಹಾಗೆಂದರೆ ಕೇಳುವವರ ಮುಖ ಹೇಗಾಗುತ್ತದೆಂದು ನಾನು ಎಷ್ಟೋ ಸಲ ನೋಡಿದೆ. ಕೆಲವರು ಬೈದರು. ದರ್ಜಿಯ ಹೆಂಡತಿ ಅವಳನ್ನು ಕೂರಿಸಿ ನೀರು ಕೊಟ್ಟಳು.

ಆ ನೀರು ಅವಳಿಗೆ ಬೇಕಾಗಿಯೂ ಇತ್ತು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಎಡಗೈ ನೋವೆಂದು ಉಜ್ಜಿಕೊಳ್ಳುತ್ತಿದ್ದಳು. ಡಾಕ್ಟರ ಹತ್ತಿರ ಹೋಗೋಣ ಎಂದರೆ, "ಈ ಬೀದಿ ಮುಗಿಸಿಬಿಡೋಣ ಕಣೇ" ಎನ್ನುತ್ತಿದ್ದಳು. ಮುಂದಿನ ವಾರ ಇನ್ನೊಂದು ಬೀದಿ. ಕೊನೆಗೆ ನಾನೇ ಬೈದು ಎಳೆದುಕೊಂಡು ಹೋದೆ. ಡಾಕ್ಟರು ಮನೆಗೆ ಕಳಿಸಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಮೈತುಂಬ ತಂತಿ ಅಂಟಿಸಿಕೊಂಡು ಮಲಗಿದ್ದವಳು ನರ್ಸನ್ನು ಕೇಳಿದಳು: "ಸಿಸ್ಟರ್, ಈ ಮಿಷಿನ್ನಿಗೆ ಅರ್ಥಿಂಗ್ ಕೊಟ್ಟಿದೀರಾ?" ನಾನು ನಕ್ಕೆ. ಅವಳು ನಗಲಿಲ್ಲ.

ಹೆಚ್ಚುಕಡಿಮೆ ಎಲ್ಲ ಪೆಟ್ಟಿಗೆಗಳೂ ವಾಪಸ್ ಬಂದಿದ್ದವು. ಉಳಿದದ್ದು ಒಬ್ಬ ವೈರಿಂಗ್ ಮೇಸ್ತ್ರಿ ಅಣ್ಣನಿಂದ ಕೊಂಡಿದ್ದ ಕೆಲವು ಮಾತ್ರ. ಅವನು ಅವನ್ನು ಎಲ್ಲೆಲ್ಲಿ ಹಾಕಿದ್ದನೆಂಬುದನ್ನೇ ಮರೆತಿದ್ದ. "ಆ ಮೇಸ್ತ್ರೀನ ಬಿಡ್ಬೇಡ," ಎಂದು ಅವಳು ನನಗೆ ಹೇಳಿದಳು. ಮಾರನೆಯ ಬೆಳಗ್ಗೆ ನಾನು ಕಾಫಿ ತರಲು ಕೆಳಗೆ ಹೋಗಿದ್ದಾಗ ಹೋಗಿಬಿಟ್ಟಳು.

ಅವಳನ್ನು ಕಳಿಸಿ ಬಂದ ಮೇಲೆ ಕೆಲವು ದಿನ ನಾನು ಯಾವ ಕೆಲಸಕ್ಕೂ ಬರದವಳಾಗಿದ್ದೆ. ಒಂದು ಬೆಳಗ್ಗೆ ಅವಳ ಅಣ್ಣ ಮನೆ ಬಾಗಿಲಿಗೆ ಬಂದ. ಜೊತೆಯಲ್ಲಿ ಮೇಸ್ತ್ರಿ. ಅಣ್ಣ ಗಡ್ಡ ಬಿಟ್ಟಿದ್ದ, ಕೈಯಲ್ಲಿ ಅವಳ ಟೂಲ್‌ಬ್ಯಾಗ್ ಇತ್ತು. "ಇವನಿಗೆ ಸ್ವಲ್ಪ ಸ್ವಲ್ಪ ನೆನಪಾಗ್ತಿದೆಯಂತೆ. ಕಾರು ತೆಗಿ," ಎಂದ.

ಮೇಸ್ತ್ರಿಯ ನೆನಪು ಕರೆದೊಯ್ದಲ್ಲಿಗೆಲ್ಲ ಹೋದೆವು. ಕೆಲವು ಸಿಕ್ಕವು. ಕೊನೆಯದಾಗಿ ಸಿಕ್ಕಿದ್ದು ಒಂದು ಮಹಡಿಯ ಬಾಡಿಗೆ ಮನೆಯಲ್ಲಿ. ಸ್ನಾನದ ಮನೆಯ ಬಾಗಿಲ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಮನೆಯಾಕೆ ಸೊಂಟದ ಮೇಲೆ ಮಗುವನ್ನಿಟ್ಟುಕೊಂಡು ನಮ್ಮ ಮಾತು ಕೇಳಿದರು.

"ಅದಾ? ಆಗಾಗ ಆರುತ್ತೆ. ಆರಿದಾಗ ನಮ್ಮನೆಯವರು ಗೀಸರ್ ಮುಚ್ಚಳ ತೆಗೆದು ಒಳಗೆ ಏನೋ ಅಲ್ಲಾಡಿಸ್ತಾರೆ, ಮತ್ತೆ ಬರುತ್ತೆ."

"ಎಷ್ಟು ಸಲ ಹಾಗೆ ಮಾಡಿದಾರೆ?" ಅಣ್ಣ ಟೂಲ್‌ಬ್ಯಾಗ್ ಕೆಳಗಿಟ್ಟು ಕೇಳಿದ.

"ಯಾರು ಲೆಕ್ಕ ಇಡ್ತಾರೆ ಅಣ್ಣಾ? ದೀಪ ಆರಿದ್ರೆ ಭಯ ಇಲ್ಲ ಅಂತ ಮೇಸ್ತ್ರಿಯೋರೇ ಹೇಳಿದ್ರಲ್ಲ."

ಅಣ್ಣ ಕೆಳಗಿಳಿದು ಹೋಗಿ ಮೀಟರಿನ ಬಳಿಯ ದೊಡ್ಡ ಸ್ವಿಚ್ ಆಫ್ ಮಾಡಿದ. ಮೇಲೆ ಬಂದು ತಾನೇ ಪೆಟ್ಟಿಗೆ ಬಿಚ್ಚಿದ. ವಾಪಸ್ ಬರುವ ತಂತಿ ತಿರುಪಿನಲ್ಲಿ ಒಂದು ಎಳೆಯಷ್ಟು ಮಾತ್ರ ಹಿಡಿದುಕೊಂಡಿತ್ತು, ಸುಟ್ಟು ಕಪ್ಪಗಾಗಿತ್ತು. ಅವನು ಹೊಸದನ್ನು ಕೂರಿಸಿ, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟ.

ನಾನು ಮೇಸ್ತ್ರಿಯನ್ನು ಕೇಳಿದೆ: "ಇಷ್ಟೇನಾ? ಮುಗೀತಾ?"

"ಇಷ್ಟೇ ಅನ್ಸುತ್ತೆ ಮೇಡಂ."

"ಅನ್ಸುತ್ತೆ ಅಂದ್ರೆ?"

ಅವನು ತಲೆ ಕೆರೆದುಕೊಂಡ. "ಒಂದೋ ಎರಡೋ ಇನ್ನೊಬ್ಬ ಮೇಸ್ತ್ರಿಗೆ ಕೊಟ್ಟಿದ್ದೆ. ಅವನು ಊರು ಬಿಟ್ಟು ಹೋದ. ಎಲ್ಲಿದಾನೋ ಏನೋ."

ಅವನನ್ನು ಹುಡುಕುತ್ತಿದ್ದೇವೆ, ಇನ್ನೂ ಸಿಕ್ಕಿಲ್ಲ. ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಗೋಡೆಯ ಮೇಲೆ ಹೋಗುತ್ತದೆ. ಮನೆಯವರು ಏನು ಹುಡುಕುತ್ತಿದ್ದೀರಿ ಎನ್ನುತ್ತಾರೆ. ಇದನ್ನು ಓದುತ್ತಿರುವ ನೀವು ದಯವಿಟ್ಟು ಒಮ್ಮೆ ಎದ್ದು ನಿಮ್ಮ ಸ್ನಾನದ ಮನೆಯ ಹತ್ತಿರ, ಅಡುಗೆಮನೆಯಲ್ಲಿ, ಅಂಗಡಿಯ ಮೂಲೆಯಲ್ಲಿ ನೋಡಿ. ಬೂದು ಬಣ್ಣದ ಪೆಟ್ಟಿಗೆ, ನಡುವೆ ಹೆಬ್ಬೆರಳಿನಷ್ಟು ದಪ್ಪದ ಹಸಿರು ದೀಪ, ಕಪ್ಪು ಹಿಡಿಕೆ. ಅದು ಇದ್ದರೆ, ದೀಪ ಉರಿಯುತ್ತಿರಲಿ, ಆರಿರಲಿ, ನೀವಾಗಿ ಬಿಚ್ಚಲು ಹೋಗಬೇಡಿ. ಹೊರಗಿನ ದೊಡ್ಡ ಸ್ವಿಚ್ ಆಫ್ ಮಾಡಿ, ತಿಳಿದವರನ್ನು ಕರೆಸಿ. ಅವರು ಬರುವವರೆಗೆ ಮಕ್ಕಳನ್ನು ಅದರ ಹತ್ತಿರ ಬಿಡಬೇಡಿ. ಅದನ್ನು ಮಾಡಿದವಳು ಬದುಕಿದ್ದರೆ ತಾನೇ ಬಂದು ನಿಮ್ಮ ಬಾಗಿಲು ತಟ್ಟುತ್ತಿದ್ದಳು.